ಹತ್ತು ಎಣಿಸುವಷ್ಟು ಹೊತ್ತು

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಬೈಯುತ್ತಾರೆ, ಅವರು ಬೈದರೆ ನನಗೆ ಎರಡು ದಿನ ಊಟ ಸೇರುವುದಿಲ್ಲ. ನಮ್ಮ ಆಸ್ಪತ್ರೆಯ ಡಾಕ್ಟರು, ಕಳೆದ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಒಬ್ಬೊಬ್ಬರಾಗಿ ಮೈಕಿನ ಮುಂದೆ ಬಂದು ಹೊಗಳಿದರು. ಎಮರ್ಜೆನ್ಸಿ ವಾರ್ಡಿಗೆ ಅಲ್ಟ್ರಾಸೌಂಡ್ ಯಂತ್ರ ತಂದವರು ಎಂದರು, ಸತ್ತವರನ್ನು ಎಬ್ಬಿಸಿದವರು ಎಂದರು, ತಾಯಿಯಂಥವರು ಎಂದರು. ತಾಯಿಯಂಥವರು ಎಂದವರು ಅವರ ಕೈಕೆಳಗೆ ಒಂದು ವಾರವೂ ಕೆಲಸ ಮಾಡಿದವರಲ್ಲ. ಅವರು ಮಾತ್ರ ಚೆಂಡುಹೂವಿನ ಹಾರ ಹಾಕಿಸಿಕೊಂಡು, ಸಭೆ ಯಾವಾಗ ಮುಗಿಯುತ್ತದೋ ಎಂಬ ಮುಖ ಮಾಡಿಕೊಂಡು ಕುಳಿತಿದ್ದರು. ಹಿಂದಿನ ಸಾಲಿನಲ್ಲಿದ್ದ ನನ್ನನ್ನು ಯಾರೂ ಮಾತಾಡಲು ಕರೆಯಲಿಲ್ಲ. ಕರೆದಿದ್ದರೆ ನಾನು ನನ್ನದೇ ಒಂದು ತಪ್ಪಿನ ಕತೆ ಹೇಳಬೇಕಾಗುತ್ತಿತ್ತು. ಹಾರ ತುರಾಯಿಯ ನಡುವೆ ಅದು ಸರಿಹೋಗುತ್ತಿರಲಿಲ್ಲ.

ನಾನು ಆ ವಾರ್ಡಿನ ನರ್ಸ್. ಹುಟ್ಟಿ ಬೆಳೆದದ್ದು ಕಾಶಿಯ ಜಂಗಮವಾಡಿ ಮಠದ ಗಲ್ಲಿಯಲ್ಲಿ. ಅಪ್ಪ ಬಾಗಲಕೋಟೆ ಕಡೆಯಿಂದ ಚಿಕ್ಕಂದಿನಲ್ಲೇ ಮಠಕ್ಕೆ ಬಂದು, ಯಾತ್ರಿಕರ ಕೋಣೆ, ಪ್ರಸಾದದ ವ್ಯವಸ್ಥೆ ನೋಡಿಕೊಳ್ಳುತ್ತ ಇಲ್ಲೇ ಉಳಿದುಬಿಟ್ಟವರು. ನಮ್ಮ ಮನೆಯಲ್ಲಿ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಹಿಂದಿ. ತಮ್ಮನಿಗೆ ಕನ್ನಡದಲ್ಲಿ ಬೈದರೆ ಅರ್ಥವಾಗುತ್ತದೆ, ತಿರುಗಿ ಬೈಯುವುದು ಹಿಂದಿಯಲ್ಲಿ. ನನಗೆ ಅಪ್ಪ ಮಠಕ್ಕೆ ಬರುತ್ತಿದ್ದ ಪತ್ರಗಳನ್ನು ಓದಿಸಿ ಓದಿಸಿ ಅಕ್ಷರ ಕಲಿಸಿದರು, ಅದರ ಫಲ ಈ ಬರಹ.

ಅವರು ನಮ್ಮ ವಾರ್ಡಿಗೆ ಬಂದ ಮೊದಲ ವಾರ. ನಾನು ಕಿಟಕಿಯ ಬಳಿ ನಿಂತು ಫೋನಿನಲ್ಲಿ, “ಅಪ್ಪಾಜಿ, ಬರೂ ಮುಂದ ಸಬ್ಜಿ ತೊಗೊಂಡು ಬರ್ರಿ” ಎನ್ನುತ್ತಿದ್ದೆ. ಹಿಂದಿನಿಂದ ಒಂದು ದನಿ ಬಂತು.

“ಸಬ್ಜಿ ಅಲ್ಲವಾ, ಕಾಯಿಪಲ್ಯೆ.”

ತಿರುಗಿ ನೋಡಿದರೆ ಹೊಸ ಡಾಕ್ಟರು. ಗಿಡ್ಡ ಆಳು, ಬಿಗಿಯಾಗಿ ಕಟ್ಟಿದ ನರೆಗೂದಲ ತುರುಬು, ನೂಲಿನ ಸೀರೆಯ ಮೇಲೆ ಬಿಳಿ ಕೋಟು, ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು.

“ಯಾವೂರಾಕಿ ನೀ?” ಎಂದರು.

“ಇಲ್ಲಿಯಾಕಿನ್ರೀ ಮೇಡಂ. ಜಂಗಮವಾಡಿ.”

“ಇಲ್ಲಿಯಾಕಿ ಆಗಿದ್ರ ಸಬ್ಜಿ ಅನ್ನು, ಅಡ್ಡಿಯಿಲ್ಲ. ನಂದು ಗದಗಿನ ಕಡೆ. ಜ್ವಾಳದ ಹಿಟ್ಟು ಎಲ್ಲಿ ಸಿಗತೈತಿ ಹೇಳು.”

ಜೋಳದ ಹಿಟ್ಟು ಸಿಗುತ್ತಿದ್ದದ್ದು ನಮ್ಮ ಮನೆಯಲ್ಲಿ. ಊರಿನ ಕಡೆಯಿಂದ ಬರುವ ಯಾತ್ರಿಕರು ಅಪ್ಪನಿಗೆಂದು ಚೀಲದಲ್ಲಿ ತಂದುಕೊಡುತ್ತಿದ್ದರು. ಹಾಗಾಗಿ ಭಾನುವಾರ ಮಧ್ಯಾಹ್ನ ರಜೆ ಸಿಕ್ಕರೆ ಅವರು ಸೈಕಲ್ ರಿಕ್ಷಾ ಹಿಡಿದು ಬರುತ್ತಿದ್ದರು, ರಿಕ್ಷಾ ನುಗ್ಗದ ಕಡೆ ಇಳಿದು ಗಲ್ಲಿಯಲ್ಲಿ ನಡೆದು. ಅವ್ವನ ಪಕ್ಕ ನೆಲದ ಮೇಲೆ ಕೂತು ಶೇಂಗಾ ಚಟ್ನಿಯ ಜೊತೆ ಮೂರು ರೊಟ್ಟಿ ತಿಂದು, ಗೋಡೆಗೊರಗಿ ಕೂತಲ್ಲೇ ಅರ್ಧ ಗಂಟೆ ನಿದ್ದೆ ಮಾಡುತ್ತಿದ್ದರು. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಯಾರೂ ಪಾತ್ರೆ ಸದ್ದು ಮಾಡುವಂತಿರಲಿಲ್ಲ. ಮನೆಯಲ್ಲಿ ಅವರು ನನಗೆ ಅಕ್ಕ, ನಾನು ಅವರಿಗೆ ತಂಗಿ. ವಾರ್ಡಿನಲ್ಲಿ ಮೇಡಂ ಮತ್ತು ಸಿಸ್ಟರ್. ಇದನ್ನು ಅವರು ಒಮ್ಮೆಯೂ ಅದಲುಬದಲು ಮಾಡಲಿಲ್ಲ.

ಕಾಶಿಯಲ್ಲಿ ಎಮರ್ಜೆನ್ಸಿ ಡಾಕ್ಟರಾಗುವುದು ಬೇರೆ ಊರಿನ ಹಾಗಲ್ಲ. ಇಲ್ಲಿಗೆ ಸಾಯಲೆಂದೇ ಬರುವವರಿದ್ದಾರೆ. ನಾವು ಎದೆ ಒತ್ತುತ್ತಿರುವಾಗ ಮನೆಯವರು ಬಂದು ಕೈ ಮುಗಿದು, “ಮೇಡಂ, ಅಬ್ ಜಾನೇ ದೀಜಿಯೇ, ಇನ್ನು ಬಿಟ್ಟುಬಿಡಿ, ಕಾಶಿಯಲ್ಲೇ ಹೋಗುತ್ತಿದ್ದಾರಲ್ಲ” ಎನ್ನುವುದು ನಮಗೆ ಹೊಸದಲ್ಲ. ಮೇಡಂ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಇವರು ಸಾಯಲು ಬಂದವರೋ, ತರಕಾರಿ ತರಲು ಹೋಗಿ ಬಿದ್ದವರೋ? ವರ್ಷಗಟ್ಟಲೆ ಹಾಸಿಗೆ ಹಿಡಿದು, ಕೊನೆಯ ದಿನಗಳಿಗೆಂದು ಬಂದ ಮುದುಕರಾದರೆ ಒತ್ತುವುದನ್ನು ನಿಲ್ಲಿಸಿ, ಪಕ್ಕದಲ್ಲಿ ಸ್ಟೂಲು ಎಳೆದು ಕೂತು, ಬಾಯಿಗೆ ಗಂಗಾಜಲ ಬಿಡಲು ಮನೆಯವರನ್ನು ತಾವೇ ಕರೆಯುತ್ತಿದ್ದರು. ತರಕಾರಿಗೆ ಹೋಗಿ ಬಿದ್ದವರಾದರೆ ಯಾರ ಮಾತೂ ಕೇಳುತ್ತಿರಲಿಲ್ಲ. ಒಮ್ಮೆ ಅಪ್ಪನೇ ಇದರ ಬಗ್ಗೆ ಮೆಲ್ಲಗೆ ಕೆಣಕಿದ್ದರು. ರೊಟ್ಟಿ ಮುರಿಯುತ್ತ ಅಕ್ಕ, “ಯಜಮಾನ್ರ, ಮುಕ್ತಿ ಕೊಡೂದು ವಿಶ್ವನಾಥನ ಡ್ಯೂಟಿ. ಅದಕ ನಾ ಕೈ ಹಾಕಂಗಿಲ್ಲ. ಅವನೂ ನನ್ನ ಡ್ಯೂಟಿಗೆ ಕೈ ಹಾಕಬಾರದು” ಎಂದಿದ್ದರು. ಅಪ್ಪ ನಕ್ಕು ಇನ್ನೊಂದು ರೊಟ್ಟಿ ಹಾಕಿಸಿದರು.

ಇನ್ನು ಅವರ ಸಂಶೋಧನೆಯ ವಿಷಯ. ಹೃದಯ ನಿಂತವರ ಎದೆಯನ್ನು ಎರಡೂ ಕೈಯಿಂದ ಒತ್ತುತ್ತಲೇ ಇರಬೇಕು. ನಿಂತ ಹೃದಯದ ಕೆಲಸವನ್ನು ಅಷ್ಟು ಹೊತ್ತು ನಮ್ಮ ಕೈ ಮಾಡುತ್ತಿರುತ್ತದೆ. ಎರಡು ನಿಮಿಷಕ್ಕೊಮ್ಮೆ ಕೈ ಎತ್ತಿ, ಹೃದಯ ತಾನಾಗಿ ಬಡಿಯುತ್ತಿದೆಯೇ ಎಂದು ನೋಡುತ್ತೇವೆ. ಈ ಬಿಡುವು ಹತ್ತು ಸೆಕೆಂಡು ಮೀರಬಾರದು, ಏಕೆಂದರೆ ಕೈ ಎತ್ತಿದಷ್ಟು ಹೊತ್ತೂ ಮಿದುಳಿಗೆ ರಕ್ತವಿಲ್ಲ. ಮೊದಲೆಲ್ಲ ಕತ್ತಿನ ಬಳಿ ಬೆರಳಿಟ್ಟು ನಾಡಿ ಹುಡುಕುತ್ತಿದ್ದೆವು. ಆ ಗದ್ದಲದಲ್ಲಿ ಸಿಕ್ಕಿದ ನಾಡಿ ರೋಗಿಯದೋ ನಮ್ಮದೇ ಬೆರಳಿನದೋ ತಿಳಿಯುತ್ತಿರಲಿಲ್ಲ. ಅಲ್ಟ್ರಾಸೌಂಡ್ ಯಂತ್ರ ಹಾಸಿಗೆಯ ಪಕ್ಕಕ್ಕೇ ಬಂದರೆ, ಮುಷ್ಟಿಯಲ್ಲಿ ಹಿಡಿಯುವಷ್ಟಿರುವ ಅದರ ಪ್ರೋಬನ್ನು ಎದೆಗೂಡಿನ ಕೆಳಗೆ ಒತ್ತಿ, ಹೃದಯವನ್ನೇ ಪರದೆಯ ಮೇಲೆ ನೋಡಬಹುದು. ಪೂರ್ತಿ ನಿಂತಿದೆಯೋ, ಸಣ್ಣಗೆ ಮಿಡಿಯುತ್ತಿದೆಯೋ ಕಣ್ಣಿಗೇ ಕಾಣುತ್ತದೆ.

ಆ ಯಂತ್ರಕ್ಕಾಗಿ ಅವರು ಎಷ್ಟು ಅರ್ಜಿ ಬರೆದರೋ ಲೆಕ್ಕವಿಲ್ಲ. ಕೊನೆಗೆ ಬಂದಾಗ ಅದರ ಟ್ರಾಲಿಯ ಒಂದು ಚಕ್ರ ಸೊಟ್ಟಗಿತ್ತು, ಅವರೇ ತಳ್ಳಿಕೊಂಡು ಓಡಾಡುತ್ತಿದ್ದರು. ಪ್ರೋಬಿಗೆ ಹಚ್ಚುವ ಜೆಲ್ಲು ಸದಾ ಅವರ ಬೆರಳಿನಲ್ಲಿ, ಒರೆಸಿಕೊಳ್ಳುತ್ತಿದ್ದದ್ದು ಕೋಟಿನ ಎಡಜೇಬಿಗೆ. ಆ ಜೇಬು ಒಣಗಿ ಗಂಜಿ ಹಾಕಿದ ಬಟ್ಟೆಯ ಹಾಗೆ ಸೆಟೆದು ನಿಂತಿರುತ್ತಿತ್ತು.

ಯಂತ್ರವನ್ನು ಬೇಡವೆನ್ನುವವರೂ ಇದ್ದರು. ಪರದೆ ನೋಡುವ ಆಸೆಗೆ ಕೈ ಹೆಚ್ಚು ಹೊತ್ತು ನಿಂತುಬಿಡುತ್ತದೆ ಎಂಬುದು ಅವರ ವಾದ. “ಕಲತವರು ಹತ್ತು ಸೆಕೆಂಡಿನ್ಯಾಗ ನೋಡತಾರ. ತೋರಿಸತೀನಿ” ಎಂದು ಇವರು ಪಂಥ ಕಟ್ಟಿದವರಂತೆ ಕೂತರು. ತೋರಿಸಬೇಕಾದರೆ ಅಳೆಯಬೇಕು. ಅಳೆಯುವ ಕೆಲಸ ನನಗೆ ಬಂತು. ಕತ್ತಿಗೆ ಒಂದು ಸ್ಟಾಪ್‌ವಾಚು, ಕೈಯಲ್ಲಿ ರಿಜಿಸ್ಟರು. ಎದೆಯಿಂದ ಕೈ ಎದ್ದ ಕೂಡಲೇ ವಾಚು ಒತ್ತಿ ಶುರು ಮಾಡಬೇಕು, ಕೈ ಮತ್ತೆ ಎದೆಗೆ ಬಿದ್ದ ಕೂಡಲೇ ನಿಲ್ಲಿಸಬೇಕು, ಪ್ರೋಬು ಯಾರ ಕೈಯಲ್ಲಿತ್ತು ಎಂದು ಬರೆಯಬೇಕು. ಎರಡು ವರ್ಷ ಬರೆದೆ. ಎಲ್ಲರಿಗಿಂತ ಕಡಿಮೆ ಹೊತ್ತು ತೆಗೆದುಕೊಳ್ಳುವವರು ಮೇಡಂ ಎಂದು ನನ್ನ ರಿಜಿಸ್ಟರು ಹೇಳುತ್ತಿತ್ತು. ನನಗೆ ಅದೊಂದು ಹೆಮ್ಮೆ, ಅವರ ಹೊತ್ತನ್ನು ನಾನೇ ಉಳಿಸಿಕೊಟ್ಟೆನೇನೋ ಎಂಬಷ್ಟು. ಆ ಅಳತೆಗಳ ಮೇಲೆ ಅವರು ಪ್ರಬಂಧ ಬರೆದು ಮುಗಿಸಿದರು. ದಿಲ್ಲಿಯ ಸಮ್ಮೇಳನದಲ್ಲಿ ಅದನ್ನು ಓದುವುದೆಂದು ನಿಶ್ಚಯವಾಯಿತು. ಅದನ್ನು ನೋಡಿ ಉಳಿದ ವಾರ್ಡುಗಳಿಗೂ ಯಂತ್ರ ಕೊಡುತ್ತೇವೆಂದು ಆಡಳಿತದವರೂ ಒಪ್ಪಿದ್ದರು.

ಪ್ರಬಂಧ ಕಳಿಸಲು ಒಂದು ವಾರವಿತ್ತು. ಅವತ್ತು ಬೆಳಿಗ್ಗೆ ಅವರು ಹೊಸದಾಗಿ ಬಂದ ಡಾಕ್ಟರುಗಳಿಗೆ, ಯಂತ್ರದಲ್ಲಿ ಹೃದಯದ ಚಿತ್ರ ಮೂಡುವಂಥ ರಬ್ಬರಿನ ಗೊಂಬೆಯ ಮೇಲೆ ಇದೆಲ್ಲವನ್ನೂ ಮಾಡಿ ತೋರಿಸಿದರು. ಯಾರೋ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು. ನಾನು ಎಂದಿನಂತೆ ಗಡಿಯಾರ ಒತ್ತಿ ಒಂಬತ್ತು ಸೆಕೆಂಡು ಎಂದು ಬರೆದೆ. ಮಧ್ಯಾಹ್ನ ಆ ವಿಡಿಯೋವನ್ನು ಗೋಡೆಯ ಮೇಲೆ ದೊಡ್ಡದಾಗಿ ಹಾಕಿದರು. ಎಲ್ಲರೂ ಮೇಡಂ ಕೈ ನೋಡುತ್ತಿದ್ದರು. ನಾನು ನನ್ನನ್ನೇ ನೋಡಿಕೊಳ್ಳುತ್ತಿದ್ದೆ, ಪರದೆಯ ಮೇಲೆ ನಾನು ಬಂದದ್ದು ಅದೇ ಮೊದಲು. ವಿಡಿಯೋದ ಕೆಳಗೆ ಸೆಕೆಂಡುಗಳು ಓಡುತ್ತಿದ್ದವು. ಗೊಂಬೆಯ ಎದೆಯಿಂದ ಕೈಗಳು ಎದ್ದವು. ಮೇಡಂ ಪ್ರೋಬು ಒತ್ತಿದರು, ಸ್ವಲ್ಪ ಓರೆ ಮಾಡಿದರು, ಇನ್ನೂ ಸ್ವಲ್ಪ ಓರೆ ಮಾಡಿದರು, ಚಿತ್ರ ಸಿಕ್ಕಿದ ಮೇಲೆ “ಹ್ಞಾಂ” ಎಂದು ತಲೆಯಾಡಿಸಿದರು. ಆಮೇಲಷ್ಟೇ ನನ್ನ ಹೆಬ್ಬೆರಳು ಗಡಿಯಾರ ಶುರು ಮಾಡಿತು. ಕೈ ಎದ್ದಾಗಿನಿಂದ ಮತ್ತೆ ಎದೆಗೆ ಬೀಳುವವರೆಗೆ ಎಣಿಸಿದರೆ ಹದಿನಾರು ಸೆಕೆಂಡಾಗಿತ್ತು, ನಾನು ಬರೆದದ್ದು ಒಂಬತ್ತು.

ಬೇರೆ ಯಾರ ಸರದಿಯಲ್ಲೂ ನಾನು ಹಾಗೆ ಮಾಡಿದವಳಲ್ಲ. ಅವರೊಬ್ಬರ “ಹ್ಞಾಂ”ಗೆ ಕಾಯುತ್ತಿದ್ದೆ. ಕಾಯುತ್ತಿದ್ದೇನೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಾನು ಬೆಳೆದ ರೀತಿ ಹಾಗೆ. ಮಠದಲ್ಲಿ ಪ್ರಸಾದಕ್ಕೆ ಕೂತಾಗ ಎಲ್ಲ ಬಡಿಸಿದ್ದರೂ, ಹಸಿವು ಎಷ್ಟೇ ಇದ್ದರೂ, ಸ್ವಾಮಿಗಳು ತಲೆಯಾಡಿಸುವವರೆಗೆ ತುತ್ತಿಗೆ ಕೈ ಹಾಕುವಂತಿಲ್ಲ. ಮೂರು ವರ್ಷದ ಮಗುವಿಗೂ ಅದು ಗೊತ್ತು. ನನ್ನ ಹೆಬ್ಬೆರಳು ಆಸ್ಪತ್ರೆಗೆ ಬಂದರೂ ಮಠದಲ್ಲೇ ಕೂತಿತ್ತು.

ನಾಲ್ಕು ದಿನ ಸುಮ್ಮನಿದ್ದೆ. ಹೇಳಿದರೆ ಅವರ ಎರಡು ವರ್ಷ ಮಣ್ಣುಪಾಲು, ಸಮ್ಮೇಳನ ಇಲ್ಲ, ಬೇರೆ ವಾರ್ಡಿಗೆ ಯಂತ್ರವೂ ಇಲ್ಲ, ನನ್ನ ಕೆಲಸ ಉಳಿಯುತ್ತದೋ ಇಲ್ಲವೋ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅವರೆಷ್ಟು ಹೆಮ್ಮೆಯಿಂದ ಆ ಹಾಳೆಗಳನ್ನು ತಿರುವಿ ಹಾಕುತ್ತಿದ್ದರೆಂದರೆ, ನೋಡಿದಾಗಲೆಲ್ಲ ನಾನು ಹೊದಿಕೆ ಬದಲಿಸುವ ನೆಪದಲ್ಲಿ ಆ ಕಡೆ ಹೋಗಿಬಿಡುತ್ತಿದ್ದೆ. ಕೊನೆಗೆ ಅಪ್ಪನ ಹತ್ತಿರ ಹೇಳಿಕೊಂಡೆ. ಅಪ್ಪ ಪೂರ್ತಿ ಕೇಳಿ, “ಇದನ್ನ ನನ್ನ ಮುಂದ ಹೇಳಿದ್ರ ಏನು ಬಂತವಾ? ಯಾರ ಮುಂದ ಹೇಳಬೇಕೋ ಅವರು ಈಗ ಡ್ಯೂಟಿ ಮ್ಯಾಲೆ ಅದಾರೇನು ನೋಡು” ಎಂದರು.

ಇದ್ದರು. ತಮ್ಮ ಕೋಣೆಯಲ್ಲಿ ಪ್ರಬಂಧದ ಕೊನೆಯ ಹಾಳೆ ತಿದ್ದುತ್ತಿದ್ದರು.

“ಮೇಡಂ, ನಿಮ್ಮ ಪಾಳ್ಯಾಗ ನಾ ಗಡಿಯಾರ ತಡ ಮಾಡಿ ಒತ್ತೀನ್ರಿ.”

“ಎಷ್ಟು ತಡ?”

“ನೀವು ಹ್ಞಾಂ ಅನ್ನೂ ತನಕ.”

“ಯಾವಾಗಿಂದ?”

“ಮೊದಲಿನಿಂದನೂ.”

ಪೆನ್ನು ಕೆಳಗಿಟ್ಟರು. “ಬೇಕಂತ ಮಾಡಿದ್ಯಾ?”

“ಇಲ್ರಿ. ಗೊತ್ತಾಗಿದ್ದು ನಾಕು ದಿನದ ಹಿಂದ, ವಿಡಿಯೋ ನೋಡಿದಾಗ.”

“ನಾಕು ದಿನದ ಹಿಂದ ಗೊತ್ತಾದದ್ದನ್ನ ಇವತ್ತ ಹೇಳಾಕತ್ತೀ.”

ಅಷ್ಟೇ. ಕೂಗಾಡಲಿಲ್ಲ. ಅವರು ಕೂಗಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ರಿಜಿಸ್ಟರು ತರಿಸಿಕೊಂಡು ಬಾಗಿಲು ಹಾಕಿಕೊಂಡರು. ಆಮೇಲೆ ಮೂರು ದಿನ ನನ್ನೊಡನೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಭಾನುವಾರ ಅವ್ವ ರೊಟ್ಟಿ ಬಡಿದು ಕಾದಳು, ಅವರು ಬರಲಿಲ್ಲ. ರೊಟ್ಟಿ ಒಣಗಿ ಕಟುಮ್ ಎನ್ನುವಂತಾಯಿತು. ಅವ್ವ ನನ್ನ ಮುಖ ನೋಡಿ ಅದನ್ನು ಬಟ್ಟೆಯಲ್ಲಿ ಸುತ್ತಿಟ್ಟಳು.

ಈ ನಡುವೆ ವಿಭಾಗದ ಮುಖ್ಯಸ್ಥರಿಗೆ ವಿಷಯ ತಿಳಿದು, ಇವರನ್ನು ಕರೆಸಿ ಸಮಾಧಾನ ಹೇಳಿದರು. ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ, ಅರ್ಧ ಬಾಗಿಲು ತೆರೆದೇ ಇತ್ತು. ನಿಮ್ಮ ಸರದಿಯ ಅಳತೆಗಳನ್ನು ಮಾತ್ರ ತೆಗೆದುಹಾಕಿ, ಉಳಿದದ್ದನ್ನು ಕಳಿಸಿ, ಯಾರು ಕೇಳುತ್ತಾರೆ ಎಂದರು ಮುಖ್ಯಸ್ಥರು. ಇವರು ತಮ್ಮ ಒರಟು ಹಿಂದಿಯಲ್ಲಿ ಹೇಳಿದ ಉತ್ತರ ನನಗೆ ಇವತ್ತಿಗೂ ನೆನಪಿದೆ. ನನಗೆ ಅಷ್ಟು ಹೆದರಿದವಳು ನಿಮಗೆ ಸ್ವಲ್ಪವಾದರೂ ಹೆದರಿರುತ್ತಾಳೆ ಸರ್, ಯಾರ ಅಳತೆ ಎಷ್ಟು ಸರಿ ಎಂದು ಹೇಗೆ ಹೇಳುವುದು, ನಮ್ಮ ಪ್ರಬಂಧ ಓದಿ ಯಾವುದೋ ಊರಿನ ಡಾಕ್ಟರು ಯಾರದೋ ಎದೆಯ ಮೇಲಿನ ಕೈ ಎತ್ತಿಸುತ್ತಾರೆ, ಆ ಮನುಷ್ಯನಿಗೆ ನಾನು ಏನು ಉತ್ತರ ಕೊಡಲಿ ಎಂದರು. ಮುಖ್ಯಸ್ಥರು ಚಹಾ ತರಿಸಿದರು. ಇವರು ಕುಡಿಯದೆ ಎದ್ದು ಬಂದರು.

ಸೋಮವಾರ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ, ಹಳೆಯ ರಿಜಿಸ್ಟರನ್ನು ಅಲಮಾರಿಗೆ ಹಾಕಿ ಬೀಗ ಜಡಿದರು. ಹೊಸದೊಂದನ್ನು ನನ್ನ ಕೈಗೆ ಕೊಟ್ಟರು. ನನ್ನನ್ನೇ ಮತ್ತೆ ಆ ಕೆಲಸಕ್ಕೆ ಇಟ್ಟರಲ್ಲ ಎಂದು ನನಗೆ ಅಳು ಬಂದಿತ್ತು, ಅಳುವಷ್ಟು ಬಿಡುವು ಕೊಡಲಿಲ್ಲ. ಅವತ್ತಿನಿಂದ ಹೊಸ ಕ್ರಮ. ಎದೆ ಒತ್ತುತ್ತಿರುವಾಗಲೇ ಪ್ರೋಬು ಇಟ್ಟು ಚಿತ್ರದ ಜಾಗ ಹುಡುಕಿಕೊಂಡಿರಬೇಕು. ಕೈ ಎದ್ದ ಕೂಡಲೇ ಗಡಿಯಾರದವಳು ಗಟ್ಟಿಯಾಗಿ ಎಣಿಸಬೇಕು. ಹತ್ತಕ್ಕೆ “ಹಟಾಯಿಯೇ” ಎಂದರೆ, ಪ್ರೋಬು ಹಿಡಿದವರು ಯಾರೇ ಆಗಿರಲಿ, ಕಂಡಿರಲಿ ಕಾಣದಿರಲಿ, ತೆಗೆಯಬೇಕು. ಯಂತ್ರ ಆ ಹೊತ್ತಿನ ಚಿತ್ರವನ್ನು ಉಳಿಸಿಕೊಂಡಿರುತ್ತದೆ, ಎದೆ ಒತ್ತುವುದು ಶುರುವಾದ ಮೇಲೆ ನಿಧಾನವಾಗಿ ನೋಡಬಹುದು. “ಮೊದಲು ಕೈ, ಆಮ್ಯಾಲೆ ಕಣ್ಣು” ಎನ್ನುತ್ತಿದ್ದರು. ಗೊಂಬೆಯ ಮೇಲೆ ಅಭ್ಯಾಸ ಮಾಡುವಾಗ ನಾನು ಮೆಲ್ಲಗೆ “ಹಟಾಯಿಯೇ ಮೇಡಂ” ಎಂದೆ. ಅವರು ತೆಗೆಯಲಿಲ್ಲ.

“ಕೇಳಿಸಲಿಲ್ಲ” ಎಂದರು.

ಇನ್ನೊಮ್ಮೆ ಹೇಳಿದೆ.

“ಇನ್ನೂ ಕೇಳಿಸಲಿಲ್ಲ. ಆ ಮೇಡಂ ಅನ್ನೂದನ್ನ ಬಿಟ್ಟು ಹೇಳು, ಅಷ್ಟರಾಗ ಒಂದು ಸೆಕೆಂಡು ಹೋಗತೈತಿ.”

ನಾಲ್ಕನೆಯ ಸಲ ನಾನು ಕಿರುಚಿದ್ದಕ್ಕೆ ಪಕ್ಕದ ವಾರ್ಡಿನ ಆಯಾ ಓಡಿ ಬಂದಳು.

ಒಂದು ತಿಂಗಳಾಗಿರಬೇಕು. ನಮ್ಮೂರಿನ ಲಂಕಾ ಬಡಾವಣೆಯ ಒಂದು ಕೋಚಿಂಗ್ ಸೆಂಟರಿನ ಗಣಿತದ ಮೇಷ್ಟ್ರು ಪಾಠ ಮಾಡುತ್ತಲೇ ಬಿದ್ದರೆಂದು ಹುಡುಗರು ಆಟೋದಲ್ಲಿ ಹಾಕಿಕೊಂಡು ಬಂದರು. ಬೆರಳಲ್ಲಿ ಇನ್ನೂ ಸೀಮೆಸುಣ್ಣವಿತ್ತು. ನಾಲ್ಕನೆಯ ಬಿಡುವಿನಲ್ಲಿ ಪ್ರೋಬು ಮೇಡಂ ಕೈಯಲ್ಲಿ. ಚಿತ್ರ ಮಸುಕಾಗಿತ್ತು. ಇನ್ನೊಂದು ಚೂರು ಓರೆ ಮಾಡಿದರೆ ಸಿಗುತ್ತಿತ್ತು, ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಹಳೆಯ ದಿನವಾಗಿದ್ದರೆ ನಾನು ಕಾಯುತ್ತಿದ್ದೆ. ಎಂಟು, ಒಂಬತ್ತು, ಹತ್ತು ಎಂದೆ. “ಹಟಾಯಿಯೇ” ಎಂದೆ. ಅವರು ಬೆಂಕಿ ತಗುಲಿದಂತೆ ಕೈ ತೆಗೆದರು, ಇನ್ನೊಬ್ಬರ ಕೈ ಎದೆಗೆ ಬಿತ್ತು. ಆಮೇಲೆ ಉಳಿಸಿದ ಚಿತ್ರವನ್ನು ಮೂರು ಸಲ ಓಡಿಸಿ ನೋಡಿದರು. ಮಸುಕಿನ ಒಳಗೆ ಸಣ್ಣಗೆ ಮಿಡಿಯುತ್ತಿತ್ತು. ನಿಲ್ಲಿಸೋಣವೇ ಎಂದು ಕೇಳಿದ ಡಾಕ್ಟರಿಗೆ ಬೆರಳಿನಿಂದ ಪರದೆ ತೋರಿಸಿದರು. ಮೇಷ್ಟ್ರು ಬದುಕಿದರು. ಮೂರು ವಾರದ ನಂತರ ಮಿಠಾಯಿ ಡಬ್ಬ ತಂದು, ಯಾರಿಗೆ ಕೊಡುವುದೆಂದು ತಿಳಿಯದೆ ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ಮೇಡಂ ಡಬ್ಬ ಇಸಿದುಕೊಂಡು ಮೊದಲನೆಯದನ್ನು ನನ್ನ ಬಾಯಿಗೆ ತುರುಕಿದರು. ಮುಂದಿನ ಭಾನುವಾರ ರೊಟ್ಟಿಗೂ ಬಂದರು.

ಮತ್ತೆ ಎರಡು ವರ್ಷ ಅಳೆದೆವು, ನಾನಿಲ್ಲದ, ಎಣಿಸುವವರಿಲ್ಲದ ಪಾಳಿಗಳ ಹೊತ್ತನ್ನು ವಿಡಿಯೋ ನೋಡಿ. ಯಂತ್ರ ಯಾರನ್ನೂ ತಡ ಮಾಡಿಸುವುದಿಲ್ಲ, ಅದನ್ನು ಹಿಡಿದ ಮನುಷ್ಯ ತಡ ಮಾಡುತ್ತಾನೆ, ಹಿರಿಯನಾದಷ್ಟೂ ಹೆಚ್ಚು ತಡ ಮಾಡುತ್ತಾನೆ, ಪಕ್ಕದಲ್ಲಿ ಒಬ್ಬರು ಗಟ್ಟಿಯಾಗಿ ಎಣಿಸಿದರೆ ತಡ ಮಾಡುವುದಿಲ್ಲ. ನಮ್ಮ ವಾರ್ಡಿನಲ್ಲಿ ಕಂಡದ್ದು ಇಷ್ಟು. ಎಲ್ಲರಿಗಿಂತ ತಡ ಯಾರದು ಎಂಬಲ್ಲಿ ಅವರದೇ ಕೈ ಮೊದಲು ನಿಂತಿತ್ತು, ಅದನ್ನೂ ಮರೆಮಾಚದೆ ಬರೆದರು. ದಿಲ್ಲಿಯ ಸಮ್ಮೇಳನದವರು ಆಮೇಲೆ ಕರೆಯಲಿಲ್ಲ. ಬೇರೆ ವಾರ್ಡುಗಳಿಗೆ ಯಂತ್ರ ಬಂದದ್ದು ಬಹಳ ನಿಧಾನವಾಗಿ. ಅದಕ್ಕೆಲ್ಲ ಅವರು ಕೊರಗಿದ್ದನ್ನು ನಾನು ಕಾಣೆ. ಈಗ ಸಾರನಾಥದ ಕಡೆ ಬಾಡಿಗೆ ಮನೆ ಹಿಡಿದಿದ್ದಾರೆ. ಅಲ್ಲಿನ ಆಟೋದವರಿಗೆ, ವಿಹಾರಗಳ ಭಿಕ್ಷುಗಳಿಗೆ ಎದೆ ಒತ್ತುವುದನ್ನು ಕಲಿಸುತ್ತಾರೆ. ಕೆಂಪು ಚೀವರದ ಭಿಕ್ಷುವೊಬ್ಬರು ಗೊಂಬೆಯ ಎದೆಯನ್ನು ಮೆತ್ತಗೆ ಒತ್ತಿದ್ದಕ್ಕೆ, “ಭಂತೇ, ಕರುಣೆ ಆಮೇಲೆ, ಈಗ ಜೋರಾಗಿ ಒತ್ತಿ” ಎಂದರೆಂದು ಅಲ್ಲಿಯ ಆಟೋದವನೊಬ್ಬ ನನಗೆ ಹೇಳಿ ನಕ್ಕ.

ಬೀಳ್ಕೊಡುಗೆಯಲ್ಲಿ ಯಾರೂ ಹೇಳದೆ ಉಳಿದದ್ದು ಒಂದಿದೆ. ಪ್ರಬಂಧ ಅಚ್ಚಾಗಿ ಬಂದದ್ದು ಅವರ ನಿವೃತ್ತಿಗೆ ಒಂದು ವರ್ಷ ಮೊದಲು, ಒಂದು ಸಣ್ಣ ಪತ್ರಿಕೆಯಲ್ಲಿ. ಬರೆದವರ ಸಾಲಿನಲ್ಲಿ ಕೊನೆಗೆ ನನ್ನ ಹೆಸರೂ ಇತ್ತು. ನಾನು ಹೆಸರು ನೋಡಿ ಹಿಗ್ಗಲಿಲ್ಲ, ಹೆದರಿದೆ. ಹಳೆಯ ಅಳತೆ ಏಕೆ ಬಿಟ್ಟೆವೆಂದು ಬರೆಯಲೇಬೇಕು, ಬರೆದರೆ ಗಡಿಯಾರದವಳ ತಪ್ಪೆಂದೇ ಬರೆಯಬೇಕು, ಅದು ಇಂಗ್ಲಿಷಿನಲ್ಲಿ ಲೋಕದ ತುಂಬ ಇರುತ್ತದೆ. ಬೆಳಗಿನ ರೌಂಡು ಮುಗಿದ ಮೇಲೆ ಒಂದು ಮೂಲೆಯಲ್ಲಿ ಕೂತು ಬೆರಳಿಟ್ಟು ಓದುತ್ತ ಹೋದೆ. ಕೊನೆಯಲ್ಲಿ, ತಮ್ಮ ಕೆಲಸದ ಕುಂದುಕೊರತೆಗಳನ್ನು ಬರೆಯುವ ಕಡೆ, ಎರಡು ಸಾಲಿತ್ತು. ಮೊದಲ ಎರಡು ವರ್ಷದ ಅಳತೆಗಳನ್ನು ಕೈಬಿಟ್ಟಿದ್ದೇವೆ, ಹಿರಿಯ ಸಂಶೋಧಕಿಯ ನಡವಳಿಕೆ ಎಂಥದ್ದಾಗಿತ್ತೆಂದರೆ ಸಮಯ ಅಳೆಯುವವರು ಆಕೆಯ ಸನ್ನೆಗೆ ಕಾಯಬೇಕಾಗುತ್ತಿತ್ತು, ಈ ದೋಷ ಹಿರಿಯ ಸಂಶೋಧಕಿಯದು ಎಂದು ಬರೆದಿದ್ದರು.

ಹಾಳೆ ಹಿಡಿದುಕೊಂಡು ಅವರ ಬಳಿ ಹೋದೆ. ಮೊದಲ ಸಲ ವಾರ್ಡಿನಲ್ಲಿ ಅಕ್ಕಾ ಎಂದೆ.

“ಅಕ್ಕಾ, ತಡ ಮಾಡಿ ಒತ್ತಿದಾಕಿ ನಾ ಅಲ್ಲೇನು? ಇದ್ಯಾಕ ಹಿಂಗ ಬರದೀರಿ?”

ಕೈಗೆ ಗ್ಲೌಸ್ ಹಾಕಿಕೊಳ್ಳುತ್ತಿದ್ದವರು ಹಾಳೆಯ ಕಡೆ ನೋಡಲೂ ಇಲ್ಲ.

“ಒತ್ತಿದಾಕಿ ನೀ, ಖರೆ. ಒತ್ತಾಕ ಅಂಜೂ ಹಂಗ ಇದ್ದಾಕಿ ನಾ” ಎಂದು ಐದನೆಯ ಹಾಸಿಗೆಯ ಕಡೆ ನಡೆದರು.

ನಾನು ಔಷಧದ ಅಲಮಾರಿಯ ಹಿಂದೆ ನಿಂತು ಮನಸಾರೆ ಅತ್ತೆ. ಆ ಕಡೆಯಿಂದ “ಸಿಸ್ಟರ್” ಎಂದು ಕರೆದರು. ಕಣ್ಣೊರೆಸಿಕೊಂಡು ಹೋದೆ.